ಎರಡು ಸಲ ಭಾರತ ಬಿಟ್ಟ ಫೋರ್ಡ್ ಕಂಪನಿಗೆ ಇನ್ನೂ ಒಳ್ಳೆಯ ಹೆಸರು ಉಳಿದಿರುವುದು ಹೇಗೆ?

ಪ್ರಶ್ನೆ: ಕಲ್ಪತರು ನಾಡಿನವನು (ತಿಪಟೂರು, ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನ್ನ ಭಾವಮೈದುನ 2018ರ ಡೀಸೆಲ್ ಇಕೋಸ್ಪೋರ್ಟ್ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದಾರೆ. ಕೊಬ್ಬರಿ ವ್ಯಾಪಾರದವರಾದ್ದರಿಂದ ತಿಪಟೂರು, ಗುಬ್ಬಿ, ತುಮಕೂರು, ಬೆಂಗಳೂರು ಎಂದು ಅವರಿಗೆ ಸದಾ ಓಡಾಟ ಇರುತ್ತದೆ. ನಮ್ಮ ಮಾವನವರು ಮಾತ್ರ ಒಪ್ಪುತ್ತಿಲ್ಲ. ದೇಶವನ್ನೇ ಬಿಟ್ಟುಹೋದ ಕಂಪನಿಯ ಗಾಡಿಯನ್ನು ದುಡ್ಡು ಕೊಟ್ಟು ಮನೆಗೆ ತರುವುದು ಜಾಣತನವಲ್ಲ ಎಂಬುದು ಅವರ ವಾದ. ಆದರೆ ಫೋರ್ಡ್ ಗಾಡಿ ಇಟ್ಟುಕೊಂಡಿರುವ ಪರಿಚಯದವರನ್ನು ವಿಚಾರಿಸಿದರೆ ಅವರಲ್ಲಿ ಯಾರೂ ಅದನ್ನು ಮಾರುವ ಮಾತೆತ್ತುವುದಿಲ್ಲ.

ಈ ಎರಡು ಅಭಿಪ್ರಾಯಗಳೂ ಹೇಗೆ ಒಟ್ಟಿಗೆ ಉಳಿದಿವೆ ಎಂಬುದು ನನ್ನ ಕುತೂಹಲ. ನೂರಿಪ್ಪತ್ತು ವರ್ಷ ದಾಟಿದ ಈ ಕಂಪನಿಯ ಹೆಸರು ನಿಂತಿರುವುದು ಅದು ಕಟ್ಟಿದ ವಾಹನಗಳ ಮೇಲೋ, ಅಥವಾ ಹಳೆಯ ಕೀರ್ತಿಯ ಮೇಲೋ? ಇತಿಹಾಸ ಬಲ್ಲವರೂ ಗಾಡಿಯ ಕೆಲಸ ಬಲ್ಲವರೂ ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಮೆಕ್ಯಾನಿಕಲ್ ಮೇಷ್ಟ್ರು (ತುಮಕೂರು)

ನಾನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉತ್ಪಾದನಾ ವಿಧಾನಗಳನ್ನು ಕಲಿಸುವವನು. ಆ ಪಾಠ ಫೋರ್ಡ್ ಹೆಸರಿಲ್ಲದೆ ಆರಂಭವಾಗುವುದೇ ಇಲ್ಲವಾದ್ದರಿಂದ ತಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಹೆನ್ರಿ ಫೋರ್ಡ್ 1903ರ ಜೂನ್ ತಿಂಗಳಲ್ಲಿ ಡೆಟ್ರಾಯಿಟ್‌ನಲ್ಲಿ ಈ ಕಂಪನಿಯನ್ನು ಸ್ಥಾಪಿಸುವ ಹೊತ್ತಿಗೆ ಆತ ಕೈಹಾಕಿದ್ದ ಎರಡು ಉದ್ಯಮಗಳು ಕೈಗೂಡಿರಲಿಲ್ಲ. ಅವುಗಳಲ್ಲಿ ಎರಡನೆಯದು, ಆತ ಹೊರಬಂದ ಮೇಲೆ, ಕ್ಯಾಡಿಲಾಕ್ ಎಂಬ ಕಾರು ಕಂಪನಿಯಾಗಿ ಬೆಳೆಯಿತು. 1908ರಲ್ಲಿ ಬಂದ ಟಿ ಮಾದರಿಯ ಕಾರು ರೈತರ ಕೆಸರು ದಾರಿಗೂ ಒಗ್ಗುವಂತೆ ಎತ್ತರವಾಗಿ, ಸರಳವಾಗಿ, ಹಳ್ಳಿಯವರೇ ಬಿಚ್ಚಿ ಜೋಡಿಸುವಂತೆ ಇತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಕಾರ್ಮಿಕ ಗಾಡಿಯ ಬಳಿಗೆ ಹೋಗುವ ಬದಲು ಗಾಡಿಯೇ ಕಾರ್ಮಿಕನ ಮುಂದೆ ಸರಿದು ಬರುವ ಈ ಏರ್ಪಾಡಿನಿಂದಾಗಿ, ಒಂದು ಚಾಸಿ (ಗಾಡಿಯ ಬುಡದ ಚೌಕಟ್ಟು) ಜೋಡಿಸಲು ಹಿಡಿಯುತ್ತಿದ್ದ ಸುಮಾರು ಹನ್ನೆರಡೂವರೆ ಗಂಟೆ ಕೆಲವೇ ತಿಂಗಳುಗಳಲ್ಲಿ ಒಂದೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. ಆರಂಭದಲ್ಲಿ 850 ಡಾಲರ್ ಇದ್ದ ಕಾರಿನ ಬೆಲೆ 1920ರ ದಶಕದ ನಡುವಿನಲ್ಲಿ 300 ಡಾಲರಿಗೂ ಕೆಳಗೆ ಬಂತು. 1927ರಲ್ಲಿ ತಯಾರಿಕೆ ನಿಲ್ಲುವವರೆಗೆ ಒಂದೂವರೆ ಕೋಟಿ ಕಾರುಗಳು ಹೊರಬಂದವು.

ಈ ಸಾಧನೆಯ ಇನ್ನೊಂದು ಮುಖವನ್ನೂ ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ದಿನವಿಡೀ ಒಂದೇ ಬೋಲ್ಟ್ ತಿರುಗಿಸುವ ಕೆಲಸವನ್ನು ಜನ ಸಹಿಸಲಿಲ್ಲ. 1913ರಲ್ಲಿ ನೂರು ಜನರ ಜಾಗ ಭರ್ತಿಯಾಗಿ ಉಳಿಯಬೇಕಾದರೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾದ ಸ್ಥಿತಿ ಅಲ್ಲಿತ್ತು. 1914ರ ಜನವರಿಯಲ್ಲಿ ಘೋಷಿಸಿದ ಎಂಟು ಗಂಟೆಯ ಕೆಲಸಕ್ಕೆ ದಿನಕ್ಕೆ ಐದು ಡಾಲರ್ ಎಂಬ ಪ್ರಸಿದ್ಧ ಕೂಲಿ, ಹಿಂದಿನದರ ಎರಡರಷ್ಟು, ಉದಾರತೆಗಿಂತ ಹೆಚ್ಚಾಗಿ ಆ ಸಮಸ್ಯೆಗೆ ಕಂಡುಕೊಂಡ ಪರಿಹಾರವಾಗಿತ್ತು. ಆ ಕೂಲಿ ಪೂರ್ತಿ ಸಿಗಬೇಕಾದರೆ ಕಂಪನಿಯ ತಪಾಸಣೆದಾರರು ಕಾರ್ಮಿಕನ ಮನೆಗೇ ಬಂದು ಅವನ ಕುಡಿತ, ಉಳಿತಾಯ, ಸಂಸಾರಗಳನ್ನು ವಿಚಾರಿಸಿ ಒಪ್ಪಿಗೆ ಕೊಡಬೇಕಿತ್ತು. ಆದರೂ ದುಡಿಯುವವನು ತಾನು ಕಟ್ಟಿದ ಕಾರನ್ನು ತಾನೇ ಕೊಳ್ಳಬಹುದಾದ ಕಾಲ ಅಲ್ಲಿಂದಲೇ ಆರಂಭವಾಯಿತು ಎಂಬುದನ್ನು ಅಲ್ಲಗಳೆಯಲಾಗದು.

ಅದೇ ಹೆನ್ರಿ ಫೋರ್ಡ್ ತನ್ನ ಒಡೆತನದ ಪತ್ರಿಕೆಯಲ್ಲಿ 1920ರ ದಶಕದಲ್ಲಿ ಯೆಹೂದ್ಯರ ವಿರುದ್ಧ ವರ್ಷಗಟ್ಟಲೆ ದ್ವೇಷದ ಬರಹಗಳನ್ನು ಪ್ರಕಟಿಸಿ, ಮೊಕದ್ದಮೆ ಎದುರಾದ ಮೇಲೆ 1927ರಲ್ಲಿ ಕ್ಷಮೆ ಕೇಳಿದ. 1938ರಲ್ಲಿ ನಾಜಿ ಸರ್ಕಾರ ಕೊಟ್ಟ ಪದಕವನ್ನೂ ಸ್ವೀಕರಿಸಿದ. ಕಂಪನಿಯ ಚರಿತ್ರೆಯ ಯಾವ ಸಂಭ್ರಮವೂ ಈ ಕಪ್ಪು ಕಲೆಯನ್ನು ಮುಚ್ಚಬಾರದೆಂದು ನಾನು ನಂಬಿದ್ದೇನೆ.

ವ್ಯಾಪಾರದಲ್ಲಿಯೂ ಆತನ ಹಟ ಮುಳುವಾಯಿತು. ಜನರಲ್ ಮೋಟರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಪ್ರತಿ ವರ್ಷ ಹೊಸ ಮಾದರಿ, ಬಗೆಬಗೆಯ ಬಣ್ಣ, ಕಂತಿನ ಸಾಲ ಇವುಗಳನ್ನು ಮುಂದಿಟ್ಟು ಗಿರಾಕಿಗಳನ್ನು ಸೆಳೆಯುತ್ತಿದ್ದಾಗ ಫೋರ್ಡ್ ಹಳೆಯ ಟಿ ಮಾದರಿಗೇ ಅಂಟಿಕೊಂಡಿದ್ದ. ಮುಂದಿನ ಎ ಮಾದರಿಗಾಗಿ ಕಾರ್ಖಾನೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಮೊದಲ ಸ್ಥಾನ ಹೋಯಿತು.

ಆಮೇಲಿನ ಚರಿತ್ರೆಯಲ್ಲಿಯೂ ಇದೇ ಏರಿಳಿತವನ್ನು ಕಾಣಬಹುದು. 1957ರಲ್ಲಿ ಬಂದ ಎಡ್ಸೆಲ್ ಕಾರು ಎರಡೇ ವರ್ಷದಲ್ಲಿ ಸೋತು ನಿಂತಿತು. 1964ರ ಮಸ್ಟಾಂಗ್ ಊಹೆಗೂ ಮೀರಿ ಗೆದ್ದಿತು. 2006ರಲ್ಲಿ ಬೋಯಿಂಗ್‌ನಿಂದ ಮುಖ್ಯಸ್ಥರಾಗಿ ಬಂದ ಅಲನ್ ಮುಲಾಲಿ ಕಾಲದಲ್ಲಿ ಕಂಪನಿಯು ತನ್ನ ಕಾರ್ಖಾನೆಗಳನ್ನೂ, ನೀಲಿ ಲಾಂಛನವನ್ನೂ ಕೂಡ ಅಡವಿಟ್ಟು 2,300 ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿತು. ಆ ಹಣ ಕೈಯಲ್ಲಿದ್ದುದರಿಂದಲೇ 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿದಾಗ ಫೋರ್ಡ್ ಏರಲಿಲ್ಲ. (ಇಂಧನ ಮಿತವ್ಯಯದ ವಾಹನಗಳಿಗೆಂದು ಸರ್ಕಾರದಿಂದ ಸಾಲ ಪಡೆದದ್ದು ನಿಜ, ಆದರೆ ಅದು ಬೇರೆ ಯೋಜನೆ.) ಅಮೆರಿಕದ ಜನರ ಕಣ್ಣಿನಲ್ಲಿ ಕಂಪನಿಯ ಗೌರವ ಆ ಒಂದು ವರ್ಷದಲ್ಲಿ ಹೆಚ್ಚಿದಷ್ಟು ಬೇರೆ ಯಾವ ಜಾಹೀರಾತಿನಿಂದಲೂ ಹೆಚ್ಚಿರಲಾರದು.

ನನ್ನ ಅಭಿಪ್ರಾಯವಿಷ್ಟು: ಫೋರ್ಡ್ ಗಾಡಿಯನ್ನು ಕಟ್ಟುವವರ ಕೈಗುಣವನ್ನೂ ಕಂಪನಿಯ ಆಡಳಿತದ ತೀರ್ಮಾನಗಳನ್ನೂ ಬೇರೆ ಬೇರೆಯಾಗಿ ತೂಗಬೇಕು. ತಮ್ಮ ಮಾವನವರು ಎರಡನೆಯದನ್ನು ನೋಡಿ ಮಾತನಾಡುತ್ತಿದ್ದಾರೆ, ಗಾಡಿ ಇಟ್ಟುಕೊಂಡವರು ಮೊದಲನೆಯದನ್ನು.

ಉತ್ತರ: ಹೆದ್ದಾರಿ ಗ್ಯಾರೇಜ್ (ಕೋಲಾರ)

ಮೇಷ್ಟ್ರು ಹೇಳಿದ ಮೊದಲನೆಯ ಭಾಗಕ್ಕೆ ನಾನು ಸಾಕ್ಷಿ ಹೇಳಬಲ್ಲೆ. ಮದ್ರಾಸ್ ಹೆದ್ದಾರಿಯ ಬದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಬಳಿಗೆ ಎಲ್ಲ ಕಂಪನಿಗಳ ಗಾಡಿಗಳೂ ಬರುತ್ತವೆ. ಫೋರ್ಡ್ ಗಾಡಿಯ ಬಾಗಿಲು ಹಾಕುವಾಗಿನ ಸದ್ದು, ಸ್ಟಿಯರಿಂಗ್ ಮೇಲಿನ ಹಿಡಿತ, ನೂರರ ವೇಗದಲ್ಲಿ ತಿರುವಿನಲ್ಲಿ ಗಾಡಿ ಕೂರುವ ರೀತಿ ಇವು 1999ರ ಐಕಾನ್ ಕಾರಿನ ಕಾಲದಿಂದಲೂ ಬದಲಾಗಿಲ್ಲ. 2010ರ ಫಿಗೋ ಮತ್ತು 2013ರ ಇಕೋಸ್ಪೋರ್ಟ್ ಬಂದ ಮೇಲೆ ಈ ಗುಣ ಮಧ್ಯಮ ವರ್ಗದ ಕೈಗೂ ಸಿಕ್ಕಿತು. ನಾಲ್ಕು ಮೀಟರಿನೊಳಗಿನ ಉದ್ದ ಮತ್ತು 200 ಮಿಲಿಮೀಟರ್ ನೆಲದ ಅಂತರ ಇದ್ದುದರಿಂದ ಇಕೋಸ್ಪೋರ್ಟ್ ನಮ್ಮ ಹಳ್ಳಿಗಳ ಹಂಪು, ಗುಂಡಿಗಳಿಗೆ ಹೇಳಿ ಮಾಡಿಸಿದಂತಿತ್ತು.

ಬಿಡಿಭಾಗ ದುಬಾರಿ ಎಂಬ ಮಾತು ಐಕಾನ್ ಕಾಲದಲ್ಲಿ ಅಂಟಿಕೊಂಡದ್ದು, ಆಮೇಲೆ ಎಷ್ಟು ತೊಳೆದರೂ ಹೋಗಲಿಲ್ಲ. ಫಿಗೋ ಬಂದ ಮೇಲೆ ಕಂಪನಿ ಇಡೀ ಜೋಡಣೆಯನ್ನು ಬದಲಿಸುವ ಬದಲು ಅದರೊಳಗಿನ ಸಣ್ಣ ಭಾಗವನ್ನಷ್ಟೇ ಬದಲಿಸುವ ವ್ಯವಸ್ಥೆ ಮಾಡಿ ಖರ್ಚನ್ನು ಇಳಿಸಿತ್ತು. ಅದು ಜನರಿಗೆ ಮನವರಿಕೆಯಾಗುವ ಹೊತ್ತಿಗೆ ಕಂಪನಿಯೇ ಹೊರಟಿತು ಎಂಬುದು ನನಗೆ ಇಂದಿಗೂ ಬೇಸರದ ವಿಷಯ.

ತಮ್ಮ ಭಾವಮೈದುನ ನೋಡುತ್ತಿರುವುದು ಒಂದೂವರೆ ಲೀಟರ್ ಡೀಸೆಲ್, ಕೈ ಗೇರಿನ ಗಾಡಿ. ಫೋರ್ಡ್ ಫ್ರಾನ್ಸಿನ ಪ್ಯೂಜೋ ಕಂಪನಿಯವರ ಜೊತೆ ಸೇರಿ ರೂಪಿಸಿದ ಎಂಜಿನ್ ವಂಶದ್ದು ಇದು. ಮೈಲೇಜಿಗೂ ಬಾಳಿಕೆಗೂ ಹೆಸರಾದದ್ದು. ಇದರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ಹೊಂದಿಕೆಯಿಂದ ತಿರುಗಿಸುವ ಪಟ್ಟಿ) ಇದೆ. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಬಿಲ್ ಇದೆಯೇ ಎಂದು ಮೊದಲು ಕೇಳಿ, ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪೆಟ್ರೋಲ್ ಗಾಡಿ ನೋಡುವವರಿಗೆ ಇನ್ನೊಂದು ಮಾತು: ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಬೆಲ್ಟ್ ಎಣ್ಣೆಯಲ್ಲೇ ತಿರುಗುವುದರಿಂದ ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲನ್ನೇ ಹಾಕಬೇಕು. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹಳೆಯ ಪೆಟ್ರೋಲ್ ಗಾಡಿಗಳಿಂದ ದೂರವಿರಿ. ಅದೇ ಬಗೆಯ ಗೇರ್‌ಬಾಕ್ಸ್ ಇದ್ದ ಫೋಕಸ್, ಫಿಯೆಸ್ಟಾ ಕಾರುಗಳ ವಿಷಯದಲ್ಲಿ ಅಮೆರಿಕದ ಗ್ರಾಹಕರು ಒಟ್ಟಾಗಿ ದಾವೆ ಹೂಡಿ ಪರಿಹಾರ ಪಡೆದಿದ್ದಾರೆ.

ಉತ್ತರ: ಗಣಿನಾಡಿನ ಮಗಳು (ಕೆಜಿಎಫ್)

ಗಾಡಿಯ ಬಾಳಿಕೆಯ ಚರ್ಚೆಯ ನಡುವೆ ಕಾರ್ಮಿಕರ ಮಾತು ಹಿಂದೆ ಬೀಳಬಾರದೆಂದು ಬರೆಯುತ್ತಿದ್ದೇನೆ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದಾಗ, ಅದರಿಂದ ಸುಮಾರು 4,000 ನೌಕರರಿಗೆ ತೊಂದರೆಯಾಗಲಿದೆ ಎಂದು ಕಂಪನಿಯೇ ಹೇಳಿತ್ತು. ಬಿಡಿಭಾಗ ಪೂರೈಸುತ್ತಿದ್ದ ಸಣ್ಣ ಕಾರ್ಖಾನೆಗಳ ಜನ, ಡೀಲರುಗಳ ಬಳಿ ದುಡಿಯುತ್ತಿದ್ದವರು ಆ ಲೆಕ್ಕದಲ್ಲಿ ಬರುವುದಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಒಂದು ಊರಿನ ಬದುಕು ಏನಾಗುತ್ತದೆಂದು ನಾವು ಕಣ್ಣಾರೆ ಕಂಡವರು. ತುಮಕೂರಿನವರು ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಮುಚ್ಚಿದ್ದನ್ನು ಕಂಡವರು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂಬುದು ಕಂಪನಿ ಕೊಟ್ಟ ಕಾರಣ. ಆ ನಷ್ಟಕ್ಕೆ ಜೋಡಣಾ ಸಾಲಿನಲ್ಲಿ ನಿಂತವರು ಹೊಣೆಯಲ್ಲ. ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಿಸಬಲ್ಲ ಎರಡು ಕಾರ್ಖಾನೆಗಳನ್ನು ಕಟ್ಟಿ, ಅವುಗಳನ್ನು ತುಂಬಿಸುವಷ್ಟು ಹೊಸ ಮಾದರಿಗಳನ್ನು ತರದೆ ಹೋದವರು ಹೊಣೆ.

ಕಾರ್ಮಿಕರ ವಿಷಯದಲ್ಲಿ ಈ ಕಂಪನಿಯ ಹಿಂದಿನ ದಾಖಲೆಯೂ ಹೆಮ್ಮೆಪಡುವಂಥದ್ದಲ್ಲ. 1937ರ ಮೇ ತಿಂಗಳಲ್ಲಿ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆಯ ಮುಂದೆ ಕರಪತ್ರ ಹಂಚಲು ಬಂದ ಕಾರ್ಮಿಕ ಸಂಘದ ಮುಖಂಡರನ್ನು, ವಾಲ್ಟರ್ ರೂಥರ್ ಸೇರಿದಂತೆ, ಕಂಪನಿಯ ಕಾವಲು ಪಡೆಯವರು ಪತ್ರಿಕಾ ಛಾಯಾಗ್ರಾಹಕರ ಎದುರಿಗೇ ಹೊಡೆದರು. ಜನರಲ್ ಮೋಟರ್ಸ್ ಅದೇ ವರ್ಷ ಫೆಬ್ರವರಿಯಲ್ಲಿ ಸಂಘವನ್ನು ಒಪ್ಪಿಕೊಂಡಿತ್ತು. ಫೋರ್ಡ್ ಒಪ್ಪಂದಕ್ಕೆ ಸಹಿ ಹಾಕಿದ್ದು 1941ರಲ್ಲಿ. ದೊಡ್ಡ ಕಂಪನಿಗಳಲ್ಲಿ ಕೊನೆಯದಾಗಿ.

ಉತ್ತರ: ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಕಂಪನಿ ಎರಡು ಸಲ ಬಿಟ್ಟುಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಎರಡಕ್ಕೂ ಕಾರಣಗಳು ಬೇರೆ. ಫೋರ್ಡ್ ತನ್ನ ಕೆನಡಾ ಶಾಖೆಯ ಮೂಲಕ 1926ರಲ್ಲಿಯೇ ಭಾರತಕ್ಕೆ ಬಂದು, ಹೊರದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುತ್ತಿತ್ತು. ಸ್ವಾತಂತ್ರ್ಯಾನಂತರ 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ಹಂತಹಂತವಾಗಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಅವಕಾಶವಿಲ್ಲವೆಂದು ಸರ್ಕಾರ ತೀರ್ಮಾನಿಸಿದ ಮೇಲೆ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಎರಡೂ ಹೊರಟವು. ಆ ನಿರ್ಗಮನ ನಮ್ಮ ನೀತಿಯಿಂದ ಆದದ್ದು, ನನ್ನ ಮಟ್ಟಿಗೆ ಸರಿಯಾದ ನೀತಿಯಿಂದಲೇ ಆದದ್ದು. 1995ರಲ್ಲಿ ಮಹೀಂದ್ರಾ ಜೊತೆಗೂಡಿ ಮರಳಿ ಬಂದು, ಚೆನ್ನೈ ಬಳಿಯ ಮರೈಮಲೈ ನಗರದಲ್ಲಿ ಕಾರ್ಖಾನೆ ಕಟ್ಟಿ, 2021ರಲ್ಲಿ ಹೋದದ್ದು ಮಾತ್ರ ಪೂರ್ತಿ ಅವರದೇ ನಿರ್ಧಾರ.

ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೂರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಸಿಸಿ, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಫೋರ್ಡ್ ಜೊತೆಗಿನ ಮಾತುಕತೆ ಫಲಿಸಲಿಲ್ಲ, ಕ್ರೈಸ್ಲರ್ ಜೊತೆ ಫಲಿಸಿತು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತರೂ ಬ್ರಿಟಿಷ್ ಸರ್ಕಾರ ಯುದ್ಧದ ನೆಪ ಮುಂದಿಟ್ಟು ಕೈ ಕಟ್ಟಿಹಾಕಿತು. ಕೊನೆಗೆ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆ ಕಾರ್ಖಾನೆ ನಮ್ಮ ಮೈಸೂರು ಸೀಮೆಯಲ್ಲಿ ಆಗಬಹುದಾಗಿತ್ತು ಎಂದು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಮರುಪ್ರಶ್ನೆ: ಕಲ್ಪತರು ನಾಡಿನವನು

ಎಲ್ಲರಿಗೂ ಧನ್ಯವಾದಗಳು. ಮಾವನವರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಪಿಂಟೋ ಎಂಬ ಕಾರಿನ ಪ್ರಸ್ತಾಪ ಮಾಡಿ, ಹನ್ನೊಂದು ಡಾಲರ್ ಉಳಿಸಲು ಜನರ ಜೀವಕ್ಕೆ ಬೆಲೆ ಕಟ್ಟಿದ ಕಂಪನಿ ಇದಲ್ಲವೇ ಎಂದು ಕೇಳಿದರು. ಅದು ನಿಜವೇ, ಮೇಷ್ಟ್ರೇ?

ಉತ್ತರ: ಮೆಕ್ಯಾನಿಕಲ್ ಮೇಷ್ಟ್ರು (ತುಮಕೂರು)

ಮಾವನವರ ಪ್ರಶ್ನೆ ಯೋಗ್ಯವಾದದ್ದು, ಆದರೆ ಉತ್ತರದಲ್ಲಿ ಎರಡು ಪದರಗಳಿವೆ. 1970ರಲ್ಲಿ ಬಂದ ಪಿಂಟೋ ಕಾರಿನಲ್ಲಿ ಇಂಧನ ಟ್ಯಾಂಕು ಹಿಂದಿನ ಆಕ್ಸಲ್ ಮತ್ತು ಬಂಪರ್ ನಡುವೆ ಇದ್ದು, ಹಿಂದಿನಿಂದ ಡಿಕ್ಕಿಯಾದಾಗ ಸೋರಿ ಬೆಂಕಿ ಹತ್ತುವ ಅಪಾಯವಿತ್ತು. ಸರ್ಕಾರಿ ತನಿಖೆ ಇಂತಹ ಬೆಂಕಿಯಿಂದ 27 ಸಾವುಗಳನ್ನು ಗುರುತಿಸಿತು. 1978ರಲ್ಲಿ ಕಂಪನಿ 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಜ್ಯೂರಿ ವಿಧಿಸಿದ ಹನ್ನೆರಡೂವರೆ ಕೋಟಿ ಡಾಲರ್ ದಂಡನಾತ್ಮಕ ಪರಿಹಾರವನ್ನು ನ್ಯಾಯಾಧೀಶರು 35 ಲಕ್ಷಕ್ಕೆ ಇಳಿಸಿದರು.

ಹನ್ನೊಂದು ಡಾಲರಿನ ಲೆಕ್ಕದ ಟಿಪ್ಪಣಿಯೂ ನಿಜವಾಗಿ ಇದ್ದದ್ದೇ. ಆದರೆ ಅದು ಪಿಂಟೋ ವಿನ್ಯಾಸದ ಸಮಯದಲ್ಲಿ ಬರೆದುಕೊಂಡದ್ದಲ್ಲ. ಗಾಡಿ ಮಗುಚಿದಾಗ ಇಂಧನ ಸೋರುವುದನ್ನು ತಡೆಯುವ ನಿಯಮವೊಂದರ ಬಗ್ಗೆ, ಅಮೆರಿಕದ ಎಲ್ಲ ಕಾರುಗಳನ್ನೂ ಲೆಕ್ಕಕ್ಕೆ ಹಿಡಿದು, ಸರ್ಕಾರಿ ಸುರಕ್ಷತಾ ಇಲಾಖೆಗೆ ಸಲ್ಲಿಸಲೆಂದು 1973ರಲ್ಲಿ ಸಿದ್ಧಪಡಿಸಿದ್ದು. ಜೀವವೊಂದಕ್ಕೆ ಎರಡು ಲಕ್ಷ ಡಾಲರ್ ಎಂಬ ಅಂಕಿಯೂ ಆ ಇಲಾಖೆಯದೇ ಅಂದಾಜಾಗಿತ್ತು. ಇದರಿಂದ ಕಂಪನಿಯ ತಪ್ಪು ಇಲ್ಲವಾಗುವುದಿಲ್ಲ. ಡಿಕ್ಕಿ ಪರೀಕ್ಷೆಗಳಲ್ಲಿ ಟ್ಯಾಂಕಿನ ದೌರ್ಬಲ್ಯ ಗೊತ್ತಾದ ಮೇಲೂ ಅಗ್ಗದ ಪರಿಹಾರಗಳನ್ನು ಅಳವಡಿಸದೆ ಕಾರನ್ನು ಮಾರುಕಟ್ಟೆಗೆ ಬಿಟ್ಟದ್ದೇ ನಿಜವಾದ ಅಪರಾಧ, ಮತ್ತು ಅದು ಆಡಳಿತದ ಮೇಜಿನ ಮೇಲೆ ಆದ ತೀರ್ಮಾನ.

ಉತ್ತರ: ಹೆದ್ದಾರಿ ಗ್ಯಾರೇಜ್ (ಕೋಲಾರ)

ಬಿಡಿಭಾಗಗಳ ಬಗ್ಗೆ ಮಾವನವರಿಗೆ ಅನುಮಾನವಿದ್ದರೆ ಇದನ್ನೂ ತಿಳಿಸಿ. ತಯಾರಿಕೆ ನಿಲ್ಲಿಸುವಾಗಲೇ ಕಂಪನಿಯು ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿಸುವುದಾಗಿ ಹೇಳಿತ್ತು. ಗುಜರಾತಿನ ಸಾನಂದ್ ಕಾರ್ಖಾನೆ ಟಾಟಾ ಕೈಸೇರಿದರೂ ಚೆನ್ನೈ ಕಾರ್ಖಾನೆ ಮಾರಾಟವಾಗಲಿಲ್ಲ, 2024ರಲ್ಲಿ ಅದನ್ನು ರಫ್ತಿಗಾಗಿ ಮತ್ತೆ ಬಳಸುವ ಇರಾದೆಯನ್ನು ಕಂಪನಿ ಪ್ರಕಟಿಸಿತು. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಅಪಘಾತವಾದಾಗ ಬೇಕಾಗುವ ಹೆಡ್‌ಲೈಟ್, ಬಾಗಿಲು, ಬಂಪರುಗಳಿಗೆ ಕಾಯಬೇಕಾಗಬಹುದು. ಆದ್ದರಿಂದ ಈಗಾಗಲೇ ಅಪಘಾತವಾಗಿ ದುರಸ್ತಿಯಾದ ಗಾಡಿಯನ್ನು ಮುಟ್ಟಬೇಡಿ. ಕೊಳ್ಳುವ ಮೊದಲು ಸರ್ವಿಸ್ ದಾಖಲೆ ಪೂರ್ತಿ ತರಿಸಿಕೊಂಡು, ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಭಾಗವನ್ನು ನೋಡದೆ ಮುಂಗಡ ಕೊಡಬೇಡಿ.