ಯೋಸೇಫ ಅಣ್ಣಂದಿರಿಗೆ ತಾನ್ಯಾರು ಅಂತ ಹೇಳೋಕೆ ಯಾಕಷ್ಟು ತಡ ಮಾಡಿದ?

ಪ್ರಶ್ನೆ:
ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 42ರಿಂದ 45ನೇ ಅಧ್ಯಾಯ ಮತ್ತೆ ಓದ್ತಿದ್ದೆ. ಹಿಂದೆ ಅಣ್ಣಂದಿರೇ ಮಾರಿಬಿಟ್ಟಿದ್ದ ಯೋಸೇಫ ಈಗ ಐಗುಪ್ತದಲ್ಲಿ (ಈಜಿಪ್ಟ್) ದೊಡ್ಡ ಅಧಿಕಾರಿ. ಅಣ್ಣಂದಿರು ಧಾನ್ಯಕ್ಕಂತ ಐಗುಪ್ತಕ್ಕೆ ಬಂದು ಅಡ್ಡಬಿದ್ದಾಗ್ಲೇ ಯೋಸೇಫನಿಗೆ ಗುರುತು ಸಿಕ್ತು, ಅವರಿಗೆ ಸಿಗ್ಲಿಲ್ಲ. ಆಮೇಲೆ ಗೂಢಚಾರರು ಅಂತ ಗದರಿಸಿದ್ದು, ಅಣ್ಣ ಸಿಮೆಯೋನನ್ನ ಹಿಡಿದಿಟ್ಕೊಂಡಿದ್ದು, ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡ್ಸಿದ್ದು, ಇದೆಲ್ಲಾ ಯಾಕೆ? ಸೇಡು ಅನ್ನೋಣ ಅಂದ್ರೆ ಮಧ್ಯೆ ಮಧ್ಯೆ ಮರೆಗೆ ಹೋಗಿ ಅಳ್ತಾನೆ. ಅಲ್ಲಿ ಅವರ ಊರು ಕಾನಾನಲ್ಲಿ ವಯಸ್ಸಾದ ಅಪ್ಪ ಯಾಕೋಬ ಕೊರಗ್ತಿದ್ದಾನೆ, ಅದು ನಂಗೆ ತುಂಬಾ ಕಾಡುತ್ತೆ.

ಉತ್ತರ 1:
ಸೇಡಲ್ಲ ಬ್ರದರ್. 37ನೇ ಅಧ್ಯಾಯ ನೋಡಿ, ಯೋಸೇಫನನ್ನ ಮಾರಿಬಿಡೋಣ ಅಂದೋನೇ ಅಣ್ಣ ಯೆಹೂದ, 20 ಬೆಳ್ಳಿ ನಾಣ್ಯಕ್ಕೆ ಮಾರಿದ್ರು. ಈಗ ಮತ್ತೆ ಯೋಸೇಫನ ತಾಯಿ ರಾಹೇಲಳ ಇನ್ನೊಬ್ಬ ಮಗ, ಅಪ್ಪನ ಮುದ್ದಿನ ಬೆನ್ಯಾಮೀನ ಸಿಕ್ಕಾಕೊಂಡಿದ್ದಾನೆ, ಬಿಟ್ಟು ಹೋಗೋಕೆ ಯಾರ ಅಡ್ಡಿನೂ ಇಲ್ಲ. ಆದ್ರೆ ಅದೇ ಯೆಹೂದ ಮುಂದೆ ಬಂದು ಹುಡುಗನನ್ನ ಬಿಡಿ, ಅವನ ಬದ್ಲು ನಾನು ದಾಸನಾಗಿರ್ತೀನಿ, ಇವನಿಲ್ದೆ ಅಪ್ಪನ ಮುಖ ಹೇಗೆ ನೋಡ್ಲಿ ಅಂತಾನೆ. ಆ ಮಾತು ಮುಗಿದ ತಕ್ಷಣ ಯೋಸೇಫನಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಮೊದಲ ದಿನವೇ ಹೇಳಿದ್ರೆ ಅಣ್ಣಂದಿರು ಬದಲಾಗಿದ್ದಾರಾ ಅಂತ ಗೊತ್ತಾಗ್ತಾನೇ ಇರ್ಲಿಲ್ಲ.

ಉತ್ತರ 2:
ಮೇಲಿನವರ ಮಾತು ಸರಿ, ಆದ್ರೂ ಬೆನ್ಯಾಮೀನನಿಗೆ ಕೊಟ್ಟ ಹಿಂಸೆ ಹಿಂಸೆನೇ ಅಂತೀನಿ ನಾನು. ನನ್ನ ಮನಸ್ಸು ಮುಟ್ಟೋದು 45ನೇ ಅಧ್ಯಾಯದ 1ನೇ ವಚನ. ಯೋಸೇಫ ಐಗುಪ್ತದವರನ್ನೆಲ್ಲಾ ಹೊರಗೆ ಕಳಿಸ್ತಾನೆ. 17ರ ಹುಡುಗ ಈಗ 39ರ ಅಧಿಕಾರಿ, ಐಗುಪ್ತದ ಹೆಸರು, ನಾರುಮಡಿ ಬಟ್ಟೆ, ಅಲ್ಲಿವರೆಗೂ ದುಭಾಷಿ ಇಟ್ಕೊಂಡು ಮಾತಾಡ್ದೋನು, ಈಗ ನಿಮ್ಮ ಹತ್ರ ಮಾತಾಡ್ತಿರೋದು ನನ್ನ ಬಾಯೇ ನೋಡಿ ಅಂತಾನೆ. ನೀವು ಮಾರಿದ ತಮ್ಮ ನಾನು ಅನ್ನೋ ಮಾತು ಹೊರಗಿನವರ ಮುಂದೆ ಬಂದಿದ್ರೆ ಅಣ್ಣಂದಿರು ಆ ದೇಶದಲ್ಲಿ ತಲೆ ಎತ್ತೋಕೆ ಆಗ್ತಿತ್ತಾ? ಅಳು ಮಾತ್ರ ಹೊರಗಿನವರಿಗೂ ಕೇಳಿಸ್ತು.

ಉತ್ತರ 3:
50ನೇ ಅಧ್ಯಾಯನೂ ಸೇರಿಸಿ ಓದಿ ದಯವಿಟ್ಟು. ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ್ದ, ಅವನು ತೀರಿಕೊಂಡ ಮೇಲೆ ಅಣ್ಣಂದಿರಿಗೆ ಮತ್ತೆ ಭಯ, ಇನ್ನು ಸೇಡು ತೀರಿಸ್ಕೊಂಡ್ರೆ ಅಂತ. ನಮ್ಮನ್ನ ಕ್ಷಮಿಸಬೇಕು ಅಂತ ಅಪ್ಪನೇ ಹೇಳಿದ್ದ ಅಂತ ಯೋಸೇಫನಿಗೆ ಹೇಳಿ ಕಳಿಸ್ತಾರೆ, ಯಾಕೋಬ ಹಾಗಂದಿದ್ದು ಹಿಂದಿನ ಅಧ್ಯಾಯಗಳಲ್ಲಿ ಎಲ್ಲೂ ಇಲ್ಲ. ಅದನ್ನ ಕೇಳಿ ಯೋಸೇಫ ಮತ್ತೆ ಅತ್ತ. ಅಷ್ಟು ವರ್ಷ ಸಾಕಿದ್ರೂ ಅವರಿಗೆ ನಂಬಿಕೆ ಬಂದಿರ್ಲಿಲ್ಲ.