ಕ್ಯಾಂಪಿಂಗ್ ರಜೆಯಲ್ಲಿ ರೋಮನ್ ಕಟ್ಟಡಗಳು: ಮಕ್ಕಳಿಗೆ ಒಂದು ಸೇತುವೆ ಸಾಕು

ಎಲ್ಲರಿಗೂ ನಮಸ್ಕಾರ. ಬೇಸಗೆ ರಜೆಯಲ್ಲಿ ನೆದರ್ಲೆಂಡ್ಸಿನಿಂದ ದಕ್ಷಿಣ ಫ್ರಾನ್ಸಿಗೆ ಡೇರೆ ಹೊತ್ತು ಹೊರಟ ಕನ್ನಡಿಗರು ಅಲ್ಲಿನ ರೋಮನ್ ಕಟ್ಟಡಗಳನ್ನು ಎಂಟು ಹತ್ತು ವರ್ಷದ ಮಕ್ಕಳಿಗೆ ತೋರಿಸುವುದರಿಂದ ಏನಾದರೂ ಪ್ರಯೋಜನವಿದೆಯೇ, ಈಜುಕೊಳ ಬಿಟ್ಟು ಮಕ್ಕಳು ಬಂದಾರೆಯೇ ಎಂಬ ಪ್ರಶ್ನೆ ಇಲ್ಲಿ ಬಂದಿದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ಕಾರು ಓಡಿಸಿಕೊಂಡು ಹೋದ ಮೇಲೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ತಂದೆ ತಾಯಿಗೆ ಹುಟ್ಟುವುದು ಸಹಜ. ಆದರೂ ನೀಮ್, ಆರ್ಲ್, ಓರಾಂಜ್ ಎಂದು ನಗರಗಳ ಪಟ್ಟಿ ಹಿಡಿದು ಓಡದೆ, ಪೋಂ ದ್ಯು ಗಾರ್ ಸೇತುವೆಯ ಸಮೀಪದಲ್ಲಿ ಡೇರೆ ಹಾಕಿ ಅದೊಂದನ್ನೇ ನಿಧಾನವಾಗಿ ನೋಡುವುದು ಮೇಲು ಎಂದು ನಾನು ಹೇಳುತ್ತೇನೆ.

ಹೆಸರಿಗೆ ಸೇತುವೆಯಾದರೂ ಅದು ಜನ ದಾಟಲು ಕಟ್ಟಿದ್ದಲ್ಲ, ನೀರು ದಾಟಲು ಕಟ್ಟಿದ್ದು. ಉಜೆಸ್ ಪಟ್ಟಣದ ಬಳಿಯ ಬುಗ್ಗೆಯ ನೀರನ್ನು ನೀಮ್ ನಗರಕ್ಕೆ ಒಯ್ಯಬೇಕಾಗಿದ್ದ ರೋಮನ್ನರಿಗೆ ನೇರವಾಗಿ 20 ಕಿಲೋಮೀಟರ್ ಇದ್ದ ದಾರಿಯಲ್ಲಿ ಗುಡ್ಡಗಳು ಅಡ್ಡ ಬಂದವು. ಆದ್ದರಿಂದ ಅವರು ಕ್ರಿ.ಶ. 1ನೆಯ ಶತಮಾನದಲ್ಲಿ ಸುಮಾರು 50 ಕಿಲೋಮೀಟರ್ ಸುತ್ತಿಬರುವ ಕಾಲುವೆಯನ್ನು ತೋಡಿ, ಗಾರ್ದೋಂ ನದಿ ಎದುರಾದ ಕಡೆ ಮೂರು ಅಂತಸ್ತಿನ ಕಮಾನುಗಳನ್ನೆಬ್ಬಿಸಿ, 49 ಮೀಟರ್ ಎತ್ತರದಲ್ಲಿ ನೀರನ್ನು ಆಚೆ ದಡಕ್ಕೆ ದಾಟಿಸಿದರು. ಅಷ್ಟು ದೂರಕ್ಕೂ ಅವರಿಗೆ ಸಿಕ್ಕ ಇಳಿಜಾರು ಹನ್ನೆರಡು ಹದಿಮೂರು ಮೀಟರ್ ಮಾತ್ರ, ಅಂದರೆ ಸರಾಸರಿ ಕಿಲೋಮೀಟರಿಗೆ ಒಂದು ಗೇಣು. ಇತಿಹಾಸವೆಂದರೆ ಮುಖ ತಿರುಗಿಸುವ ಮಗುವನ್ನೂ ಈ ಲೆಕ್ಕ ಹಿಡಿದು ನಿಲ್ಲಿಸುತ್ತದೆ. ನದಿಯ ದಡದಲ್ಲಿ ಮರಳು, ಬೆಣಚುಕಲ್ಲುಗಳಿಗೆ ಕೊರತೆಯಿಲ್ಲ. ಒಂದು ಮಾರು ಉದ್ದದ ಕಾಲುವೆ ತೋಡಿ ನೀರು ಹರಿಸಿ ಎಂದು ಮಕ್ಕಳಿಗೆ ಹೇಳಿದರೆ, ಸಮನಾದ ಇಳಿಜಾರನ್ನು ಸಾಧಿಸುವುದು ಎಷ್ಟು ಕಷ್ಟವೆಂಬುದು ಅವರ ಕೈಗೇ ತಿಳಿಯುತ್ತದೆ.

ಬಳಿಕ ಅವರನ್ನು ಗೋಡೆಯ ಹತ್ತಿರಕ್ಕೆ ಕರೆದೊಯ್ಯಿರಿ. ಕೆಳಗಿನ ಎರಡು ಅಂತಸ್ತುಗಳಲ್ಲಿ ಗಾರೆಯಿಲ್ಲ, ಕೆಲವು ಕಲ್ಲುಗಳು ಆರು ಟನ್ ತೂಗುತ್ತವೆ. ಅಲ್ಲಲ್ಲಿ ಗೋಡೆಯಿಂದ ಹೊರಚಾಚಿರುವ ಕಲ್ಲುಗಳು ಕಟ್ಟುವಾಗ ಸಾರವೆಗೆ ಆಧಾರವಾಗಿದ್ದವು. ಕೆಲವು ಕಲ್ಲುಗಳ ಮೇಲೆ ಅವು ಎಡಬದಿಯ ಎಷ್ಟನೆಯವೆಂದು ಸೂಚಿಸುವ ಲ್ಯಾಟಿನ್ ಅಕ್ಷರಗಳೂ ರೋಮನ್ ಅಂಕಿಗಳೂ ಇಂದಿಗೂ ಉಳಿದಿವೆ. ಅವುಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಹಂಪಿಗೆ ಹೋದವರಿಗೆ ಇಲ್ಲೊಂದು ನೆನಪಾದೀತು. ಮಹಾನವಮಿ ದಿಬ್ಬದ ಸಮೀಪದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೂ ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತುಗಳಿವೆ, ಪಕ್ಕದಲ್ಲೇ ಕಂಬಗಳ ಮೇಲೆ ಕಲ್ಲಿನ ಮೇಲ್ಗಾಲುವೆಯೂ ಇದೆ. ನಮ್ಮ ಊರಿನ ಇತಿಹಾಸವೇ ತಿಳಿಯದ ಮಕ್ಕಳಿಗೆ ರೋಮನ್ನರ ಕಥೆ ಯಾಕೆ ಎಂದು ಕೆಲವರು ಆಕ್ಷೇಪಿಸುವುದುಂಟು; ನನಗೆ ಅದು ಸರಿಯೆನಿಸುವುದಿಲ್ಲ. ಇಲ್ಲಿ ಕಲ್ಲಿನ ಗುರುತನ್ನು ಹುಡುಕಿದ ಮಗು ಮುಂದೆ ಅಜ್ಜಿಯ ಮನೆಗೆ ಹೋದಾಗ ಹಂಪಿಯಲ್ಲಿಯೂ ಹುಡುಕುತ್ತದೆ, ಮಾರ್ಗದರ್ಶಿಯ ಹಿಂದೆ ಬಿಸಿಲಲ್ಲಿ ಕಾಲೆಳೆಯುವುದಿಲ್ಲ. ಅಲ್ಲದೆ ಆ ಕಾಲದ ರೋಮ್ ನಮಗೆ ತೀರಾ ಹೊರಗಿನದೂ ಅಲ್ಲ: ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯ ದೊರೆತಿದೆ.

ನೀಮ್‌ಗೆ ಅರ್ಧ ದಿನ ಸಾಕು. ಅಲ್ಲಿ ಮೊದಲು ನೋಡಬೇಕಾದದ್ದು ಎಲ್ಲರೂ ಹೋಗುವ ಅಖಾಡವಲ್ಲ, ಸೇತುವೆ ದಾಟಿ ಬಂದ ನೀರು ಕೊನೆಗೆ ತಲುಪುತ್ತಿದ್ದ ದುಂಡನೆಯ ತೊಟ್ಟಿ. ಅದರಿಂದ ಸೀಸದ ಕೊಳವೆಗಳು ಹೊರಟಿದ್ದ ಹತ್ತು ತೂತುಗಳನ್ನು ಮಕ್ಕಳೇ ಎಣಿಸಬಹುದು. ಅಲ್ಲಿನ ಮೇಜೋಂ ಕಾರೆ ಎಂಬ ರೋಮನ್ ದೇಗುಲದ ಶಾಸನದ ಕಂಚಿನ ಅಕ್ಷರಗಳು ಎಂದೋ ಕಳೆದುಹೋಗಿದ್ದವು. ಅವುಗಳ ಮೊಳೆ ಹೊಡೆದ ತೂತುಗಳನ್ನಷ್ಟೇ ನೋಡಿ ಸೆಗಿಯೇ ಎಂಬ ವಿದ್ವಾಂಸ 1758ರಲ್ಲಿ ಶಾಸನವನ್ನು ಓದಿದನೆಂಬುದೂ ಅವರಿಗೆ ರುಚಿಸುವ ಕಥೆ. ಓರಾಂಜ್‌ನ ರಂಗಮಂದಿರದ 37 ಮೀಟರ್ ಎತ್ತರದ ಗೋಡೆ ಭವ್ಯವಾದದ್ದು ನಿಜ, ಆದರೆ ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಬಹುದು.

ಇನ್ನು ವ್ಯವಸ್ಥೆಯ ಮಾತು. ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು ನಮ್ಮ ರಾಯಚೂರಿನವರಿಗೂ ಸಾಕೆನಿಸುವಷ್ಟಿರುತ್ತದೆ. ಕಟ್ಟಡಗಳನ್ನು ಬೆಳಗ್ಗೆ ನೋಡಿ ಮಧ್ಯಾಹ್ನ ನೀರಿಗಿಳಿಯುವುದು ವಾಸಿ. ಈಜು ಬಲ್ಲ ಮಕ್ಕಳಿದ್ದರೆ ಕೊಲಿಯಾಸ್ ಹಳ್ಳಿಯಿಂದ ದೋಣಿ ಬಾಡಿಗೆಗೆ ಪಡೆದು ಸೇತುವೆಯ ಕಡೆಗೆ ಹುಟ್ಟು ಹಾಕುತ್ತ ಬರಬಹುದು; ಹಾಗೆ ನದಿಯ ಮಟ್ಟದಿಂದ ತಲೆಯೆತ್ತಿ ನೋಡಿದಾಗಲೇ ಅದರ ಎತ್ತರ ಅರಿವಾಗುವುದು. ಫ್ರಾನ್ಸಿನ ಬಹುತೇಕ ಈಜುಕೊಳಗಳಲ್ಲಿ ದೊಗಲೆ ಚಡ್ಡಿಗೆ ಪ್ರವೇಶವಿಲ್ಲ, ಮೈಗಂಟುವ ಉಡುಪನ್ನೇ ಒಯ್ಯಿರಿ. ಕ್ಯಾಂಪ್‌ಸೈಟಿನಲ್ಲಿ 6 ಆಂಪಿಯರ್ ವಿದ್ಯುತ್ ಪಡೆದವರು ಅನ್ನದ ಕುಕ್ಕರನ್ನೂ ಇಂಡಕ್ಷನ್ ಒಲೆಯನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಕಾಳ್ಗಿಚ್ಚಿನ ಭಯದಿಂದ ಇದ್ದಿಲಿನ ಬೆಂಕಿಗೆ ನಿಷೇಧವಿರುವುದು ಸಾಮಾನ್ಯವಾದ್ದರಿಂದ ದೋಸೆಗೆ ಗ್ಯಾಸ್ ಒಲೆಯೇ ಗತಿ, ಅದಕ್ಕೂ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅಕ್ಟೋಬರಿನ ಶಾಲಾ ರಜೆಗೆ ಹೋಗುವವರು ಮಾತ್ರ ನದಿಯಂಚಿನ ಜಾಗ ಎಷ್ಟು ಸುಂದರವಾಗಿದ್ದರೂ ಅದನ್ನು ಬಿಟ್ಟು ಎತ್ತರದ ಜಾಗವನ್ನೇ ಕಾದಿರಿಸಿ. ಶರತ್ಕಾಲದಲ್ಲಿ ಸೆವೆನ್ (Cévennes) ಎಂಬ ಬೆಟ್ಟಸಾಲಿನಲ್ಲಿ ಸುರಿಯುವ ಮಳೆಗೆ ಗಾರ್ದೋಂ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ. 2002ರ ಸೆಪ್ಟೆಂಬರಿನ ಮಹಾಪೂರವನ್ನು ಆ ಸೇತುವೆ ತಡೆದುಕೊಂಡಿತು, ಡೇರೆ ತಡೆಯಲಾರದು.