ಅಪ್‌ಡೇಟ್: ಮುತ್ತಾತನ ಕ್ರಯಪತ್ರ ಓದಲು ಬಂತು!

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಮಂಡ್ಯದ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಮೋಡಿ ಅಕ್ಷರದ (ಅಕ್ಷರಗಳನ್ನು ಕೂಡಿಸಿ ಬರೆಯುವ ಹಳೆಯ ಕೈಬರಹದ) ಕ್ರಯಪತ್ರ ಓದುವುದು ಹೇಗೆ ಅಂತ. ‘ಗೊತ್ತಿರುವ ಮಾತಿನಿಂದ ಶುರು ಮಾಡಿ’ ಅಂದಿದ್ದಿರಿ. ಅದೇ ಕೈಹಿಡಿಯಿತು.

ಹಳೆಯ ಪತ್ರಗಳಲ್ಲಿ ‘ಬರೆಸಿಕೊಟ್ಟ ಕ್ರಯಪತ್ರದ ಕ್ರಮವೆಂತೆಂದರೆ’ ಅಂತ ಬರುತ್ತದೆ ಅಲ್ವಾ, ಮೊದಲು ಅದನ್ನೇ ಹುಡುಕಿದೆ. ಪದಗಳ ನಡುವೆ ಜಾಗವೇ ಇಲ್ಲ, ಲೇಖನಿ ಎತ್ತದೆ ಎಳೆದಿದ್ದಾರೆ. ‘ಕ್ರ’ ಸಿಕ್ಕಿತು. ಅದರ ಒತ್ತು ಬಾಲದ ಹಾಗೆ ಮುಂದಿನ ಅಕ್ಷರದ ಕೆಳಗೆ ಹೋಗಿತ್ತು. ಆ ಒಂದು ಸಾಲಿನ ಅಕ್ಷರಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡೆ. ಆಮೇಲೆ ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಯ ವಿವರ, ಸುಲಭವಾಯಿತು: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಬಂದೇ ಬರುತ್ತವಲ್ಲ.

ಇಸವಿ ಇರಲಿಲ್ಲ, ‘ಪ್ರಭವ ಸಂವತ್ಸರ’ ಅಂತಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಹಾಗಾಗಿ 1867 ಇಲ್ಲವೇ 1927. ಮುತ್ತಾತ 1867ರಲ್ಲಿ ಹುಟ್ಟೇ ಇರಲಿಲ್ಲ, ಅಲ್ಲಿಗೆ 1927ರ ಯುಗಾದಿ ಆದಮೇಲಿನದು.

ಕೊನೆಯಲ್ಲಿ ಅವರ ರುಜು ಇದೆ. ನಡುಗುವ ಕೈಯಲ್ಲಿ, ಬಿಡಿಬಿಡಿಯಾಗಿ. ಅಮ್ಮನಿಗೆ ಓದಿ ಹೇಳಿದಾಗ ಅವರು ಆ ಹೆಸರಿನ ಮೇಲೆ ಬೆರಳಿಟ್ಟು ಸುಮ್ನೆ ಕೂತುಬಿಟ್ಟರು.

ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಪತ್ರಗಳಿವೆ.